ಸಂದರ್ಶನದ ಕೋಣೆಯಲ್ಲಿ ಆತ್ಮಪ್ರಶಂಸೆ

ಮಾರ್ಕೆಟಿಂಗ್ ಹುದ್ದೆಯ ಸಂದರ್ಶನದಲ್ಲಿ ಕಂಪೆನಿಗಳು ಅಭ್ಯರ್ಥಿಯಿಂದ ಮೊದಲು ಬಯಸುವುದು ಅವನದೇ ಗುಣಗಾನವನ್ನು. ಕಾಸರಗೋಡು ಜಿಲ್ಲೆಯ ಮಂಗಲ್ಪಾಡಿ, ಉಪ್ಪಳದ ಕಡೆಯಿಂದ ಮಂಗಳೂರಿಗೋ ಗಲ್ಫಿಗೋ ಕೆಲಸ ಅರಸಿ ಹೋಗುವವರಿಗೆ ಮಾತಿನ ಅಂಜಿಕೆ ಕಡಿಮೆ. ಕನ್ನಡ, ತುಳು, ಮಲಯಾಳ, ಬ್ಯಾರಿ, ಉರ್ದುಗಳ ನಡುವೆ ಬೆಳೆದವರು ಅವರು. ಆದರೆ ತನ್ನನ್ನು ತಾನೇ ಹೊಗಳಿಕೊಳ್ಳಬಾರದೆಂದು ಮನೆಯಲ್ಲಿ ಕಲಿತದ್ದು ಸಂದರ್ಶನದಲ್ಲಿ ಅಡ್ಡ ಬರುತ್ತದೆ.

ಈ ಅಳುಕಿನ ಬೇರು ಆಳವಾದದ್ದು. ಮಹಾಭಾರತದ ಕರ್ಣಪರ್ವದಲ್ಲಿ ಧರ್ಮರಾಯನನ್ನು ನಿಂದಿಸಿ, ಪಶ್ಚಾತ್ತಾಪದಿಂದ ಪ್ರಾಣ ಬಿಡಹೊರಟ ಅರ್ಜುನನಿಗೆ ಕೃಷ್ಣ ಹೇಳುವ ಪರಿಹಾರವೇ ಆತ್ಮಪ್ರಶಂಸೆ. ತನ್ನನ್ನು ತಾನೇ ಹೊಗಳಿಕೊಳ್ಳುವುದು ಆತ್ಮಹತ್ಯೆಗೆ ಸಮ ಎಂಬುದು ಅವನ ಮಾತು. ಜೈನರ ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯ ಪರನಿಂದೆ, ಆತ್ಮಪ್ರಶಂಸೆ, ಪರರ ಗುಣವನ್ನು ಮುಚ್ಚಿಡುವುದು ಇವೆಲ್ಲ ಕೀಳು ಹುಟ್ಟಿಗೆ ಒಯ್ಯುವ ನೀಚಗೋತ್ರ ಕರ್ಮಕ್ಕೆ ಕಾರಣವೆನ್ನುತ್ತದೆ. ಕುರ್‌ಆನಿನ 53ನೆಯ ಅಧ್ಯಾಯವೂ ತಮ್ಮನ್ನು ತಾವೇ ಪರಿಶುದ್ಧರೆಂದುಕೊಳ್ಳುವುದನ್ನು ತಡೆಯುತ್ತದೆ.

ಆದರೆ ಅದೇ ಕುರ್‌ಆನಿನ 12ನೆಯ ಅಧ್ಯಾಯದಲ್ಲಿ ಪ್ರವಾದಿ ಯೂಸುಫರು ಈಜಿಪ್ಟಿನ ಅರಸನಲ್ಲಿ ಉಗ್ರಾಣಗಳ ಹೊಣೆಯನ್ನು ಕೇಳಿ ಪಡೆಯುತ್ತಾರೆ, ತಾವು ಕಾಪಾಡಬಲ್ಲವರು, ತಿಳಿದವರು ಎಂದು ಹೇಳಿಕೊಂಡೇ. ನಾಡಿಗೆ ಬರಗಾಲ ಮುಂದಿರುವಾಗ ಸಾಮರ್ಥ್ಯವನ್ನು ಬಚ್ಚಿಡುವುದು ವಿನಯವಾಗದು. ಯೂಸುಫರು ಹೇಳಿದ್ದು ಕೆಲಸಕ್ಕೆ ಬೇಕಾದಷ್ಟನ್ನೇ. ಇಡೀ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಅಳತೆ ಸಿಗುವುದು ಕಷ್ಟ.

ಸಂದರ್ಶನಕ್ಕೂ ಇದೇ ಅಳತೆ. ಪ್ರಚಾರದಿಂದ ಮಾರಾಟ ಏರಿದ್ದನ್ನು ವಿವರಿಸುವಾಗ ಅಭ್ಯರ್ಥಿ ತನ್ನ ಪಾಲನ್ನು ಹೇಳಿದರೆ ಅದು ನಿವೇದನೆ. ತಂಡದ ಕೆಲಸವನ್ನೆಲ್ಲ ತನ್ನದೆಂದರೆ, ಅದು ತತ್ತ್ವಾರ್ಥಸೂತ್ರ ಎಚ್ಚರಿಸಿದ ಪರಗುಣದ ಮರೆಮಾಚುವಿಕೆ. ಪೆನ್ನೊಂದನ್ನು ಕೊಟ್ಟು ಮಾರಿ ತೋರಿಸಿ ಎಂದಾಗಲೂ, ಎದುರಿನವರಿಗೆ ಅದು ಯಾತಕ್ಕೆ ಬೇಕೆಂದು ಮೊದಲು ವಿಚಾರಿಸುವವರಿಗೆ ಸುಳ್ಳಿನ ಅಗತ್ಯವೇ ಬೀಳುವುದಿಲ್ಲ.