ದಕ್ಷಿಣಾಯನ ಮತ್ತು ತುಳಸೀವನ



ಸಾಮಾನ್ಯವಾಗಿ ಜೂನ್ 21ರಂದು ಸೂರ್ಯನು ತನ್ನ ಉತ್ತರದ ಎಲ್ಲೆಯನ್ನು ಮುಟ್ಟಿ ಹಿಂದಿರುಗುತ್ತಾನೆ. ಉಡುಪಿಯಲ್ಲಿ ಅಂದಿನ ಹಗಲು ಸುಮಾರು 13 ಗಂಟೆ. ಮಧ್ಯಾಹ್ನ ಸೂರ್ಯನು ನೆತ್ತಿಗಿಂತ ಉತ್ತರದಲ್ಲಿರುವುದರಿಂದ ತುಳಸೀಕಟ್ಟೆಯ ನೆರಳು ದಕ್ಷಿಣಕ್ಕೆ ಬೀಳಬೇಕು. ಆದರೆ ಆಗ ನಮ್ಮ ಕರಾವಳಿಯಲ್ಲಿ ನೆರಳನ್ನು ಕಾಣುವಷ್ಟು ಬಿಸಿಲೆಲ್ಲಿ? ನಿರಯಣ ಗಣನೆಯ ಪಂಚಾಂಗಗಳು ಕರ್ಕ ಸಂಕ್ರಮಣವನ್ನು ಜುಲೈ 16 ಅಥವಾ 17ಕ್ಕೆ ಹೇಳುತ್ತವೆ. ಅಯನಾಂಶವು ಈಗ ಸುಮಾರು 24 ಭಾಗಗಳಾಗಿರುವುದೇ ಈ ಅಂತರಕ್ಕೆ ಕಾರಣ. ಸಂಕಲ್ಪದಲ್ಲಿ ನಾವು ಪಂಚಾಂಗವನ್ನೇ ಅನುಸರಿಸುತ್ತೇವೆ. ಹಗಲು ಮಾತ್ರ ಅದಕ್ಕೆ ಮೂರೂವರೆ ವಾರಗಳ ಮುನ್ನವೇ ಕುಗ್ಗತೊಡಗಿರುತ್ತದೆ.

ಮನೆಯ ಹಿತ್ತಿಲಿನಲ್ಲಿ ದೇವರ ಪೂಜೆಗೆಂದು ನಾಲ್ಕು ಗಿಡಗಳನ್ನು ಬೆಳೆಸುವವರಿಗೆ ಈ ಕಾಲವು ಹರ್ಷವನ್ನೂ ಖೇದವನ್ನೂ ಒಟ್ಟಿಗೇ ತರುತ್ತದೆ. ಬೇಸಗೆಯಲ್ಲಿ ಬುಟ್ಟಿ ತುಂಬ ಬಿಡುತ್ತಿದ್ದ ಮಲ್ಲಿಗೆ ಮಳೆಗೆ ಸೊರಗುತ್ತದೆ. ಅದೇ ಮಳೆಗೆ ಕಟ್ಟೆಯ ಸುತ್ತ ಉದುರಿದ್ದ ತುಳಸಿಯ ಬೀಜಗಳು ಮೊಳೆಯುತ್ತವೆ. ಬೆಳಕು ಇಳಿಮುಖವಾಗುವಾಗಲೇ ನೆಡುವ ಕೆಲಸವು ಮೊದಲಾಗುತ್ತದೆ. ಇನ್ನೊಂದು ವಿಚಿತ್ರವನ್ನು ಗೃಹಿಣಿಯರು ಚೆನ್ನಾಗಿ ಬಲ್ಲರು. ಆಟಿ ತಿಂಗಳಲ್ಲಿ ಅಂಗಳದ ತುಂಬ ಕೆಸುವು, ತಜಂಕು, ಬಗೆಬಗೆಯ ಸೊಪ್ಪುಗಳು ಹುಲುಸಾಗಿ ನಿಲ್ಲುತ್ತವೆ. ಅದೇ ವೇಳೆಗೆ ಶಾಕವ್ರತ! ನೆರೆಮನೆಯಲ್ಲಿ ಪತ್ರೊಡೆಯ ಪರಿಮಳ, ನಮ್ಮ ಮನೆಯಲ್ಲಿ ಹೆಸರುಬೇಳೆ, ಮೆಣಸು, ಮಾವಿನಕಾಯಿ. ಸೊಪ್ಪು ಸಿಗದ ಕಾಲದಲ್ಲಿ ಸೊಪ್ಪನ್ನು ಬಿಟ್ಟರೆ ಅದು ವ್ರತವೆನಿಸೀತೇ? ಸಮೃದ್ಧಿಯ ನಡುವೆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದರಲ್ಲಿಯೇ ಅದರ ಬೆಲೆಯಿದೆ. ಮಕ್ಕಳಿಗೆ ಇದನ್ನು ಗದರಿಸಿ ಹೇಳದೆ ತಿಳಿಯಹೇಳುವುದು ಲೇಸು.

ಆದರೆ ಈ ಅಯನವನ್ನು ಕುರಿತು ಮನೆಗಳಲ್ಲಿ ಇದಕ್ಕಿಂತ ಭಾರವಾದ ಪ್ರಶ್ನೆಯೊಂದು ಕೇಳಿಬರುತ್ತದೆ. ಹಿರಿಯರೊಬ್ಬರು ಮಳೆಗಾಲದಲ್ಲಿ ತೀರಿಕೊಂಡರೆ, “ಉತ್ತರಾಯಣದ ತನಕ ಇರಲಿಲ್ಲವಲ್ಲ, ಅವರಿಗೆ ಸದ್ಗತಿಯಾಗುವುದೇ?” ಎಂದು ಮನೆಯವರು ಒಳಗೊಳಗೇ ಬೇಯುತ್ತಾರೆ. ನಲವತ್ತು ವರ್ಷ ಪ್ರತಿದಿನ ದೇವರಿಗೆ ತುಳಸಿಯನ್ನು ಕೊಯ್ದ ಕೈ ಆಷಾಢದಲ್ಲಿ ನಿಂತುಹೋಯಿತೆಂಬ ಒಂದೇ ಕಾರಣಕ್ಕೆ ಆ ಸೇವೆ ವ್ಯರ್ಥವಾದೀತೇ?

ಗೀತೆಯ ಎಂಟನೆಯ ಅಧ್ಯಾಯದಲ್ಲಿ ಎರಡು ಅಯನಗಳ ಮಾತು ಬಂದಿದೆ, ನಿಜ. ಅಲ್ಲಿ ಹೇಳಿದ ಅಗ್ನಿ, ಹಗಲು, ಅಯನ ಮುಂತಾದವು ಬರಿಯ ಕಾಲವಿಭಾಗಗಳಲ್ಲ, ಜೀವನನ್ನು ಮುಂದಕ್ಕೆ ಕೊಂಡೊಯ್ಯುವ ಅಭಿಮಾನಿ ದೇವತೆಗಳು. ದಕ್ಷಿಣಾಯನದಲ್ಲಿ ದೇಹವನ್ನು ಬಿಟ್ಟರೂ ಜ್ಞಾನಿಗೆ ಫಲವು ತಪ್ಪದೆಂದು ಬ್ರಹ್ಮಸೂತ್ರಗಳ ನಾಲ್ಕನೆಯ ಅಧ್ಯಾಯದ ಎರಡನೆಯ ಪಾದವು ಸ್ಪಷ್ಟವಾಗಿ ನಿರ್ಣಯಿಸುತ್ತದೆ. ಭೀಷ್ಮರು ಶರಶಯ್ಯೆಯಲ್ಲಿ ಕಾದದ್ದನ್ನು ಉದಾಹರಿಸುವವರುಂಟು. ಭೀಷ್ಮರಿಗೆ ಇಚ್ಛಾಮರಣದ ವರವಿತ್ತು. ನಮಗೆ ಆ ಆಯ್ಕೆಯೆಲ್ಲಿ? ಕಾಲವೂ ಪರತಂತ್ರ, ಸೂರ್ಯನೂ ಪರತಂತ್ರ. ಒಂದು ಗಳಿಗೆಯಷ್ಟು ಹಗಲನ್ನು ಹಿಗ್ಗಿಸಲು ಸೂರ್ಯನಿಗೇ ಸ್ವಾತಂತ್ರ್ಯವಿಲ್ಲದಿರುವಾಗ, ಗತಿಯನ್ನು ಕೊಡುವ ಅಧಿಕಾರ ತಿಥಿವಾರಗಳಿಗೆ ಎಲ್ಲಿಂದ ಬಂದೀತು? ಅದು ಶ್ರೀಹರಿಯದು.

ದೇವತೆಗಳ ರಾತ್ರಿಯೆಂದು ನಾವು ಅಂಜುವ ಈ ಅಯನದಲ್ಲಿಯೇ, ಶ್ರಾವಣ ಬಹುಳ ಅಷ್ಟಮಿಯ ನಡುರಾತ್ರಿಯಲ್ಲಿ, ಶ್ರೀಕೃಷ್ಣನು ಅವತರಿಸಿದನು. ಶ್ರೀಮದಾಚಾರ್ಯರ ಜಯಂತಿಯು ಬರುವ ವಿಜಯದಶಮಿಯೂ ದಕ್ಷಿಣಾಯನದಲ್ಲಿಯೇ ಇದೆ. 1671ರಲ್ಲಿ ಶ್ರೀರಾಘವೇಂದ್ರತೀರ್ಥರು ಮಂತ್ರಾಲಯದಲ್ಲಿ ಬೃಂದಾವನವನ್ನು ಪ್ರವೇಶಿಸಿದ್ದು ಶ್ರಾವಣ ಬಹುಳ ಬಿದಿಗೆಯಂದು. ಅವರು ಮಕರ ಸಂಕ್ರಮಣಕ್ಕಾಗಿ ಕಾಯಲಿಲ್ಲ.

ಆದುದರಿಂದ ಈ ಕಾಲದಲ್ಲಿ ಹಿರಿಯರನ್ನು ಕಳೆದುಕೊಂಡವರು ಅವರ ಗತಿಯನ್ನು ಪಂಚಾಂಗದಲ್ಲಿ ಹುಡುಕದೆ, ಅವರು ಬಿಟ್ಟುಹೋದ ಗಿಡಗಳಿಗೆ ನೀರೆರೆಯಲಿ. ಅವರ ಹೆಸರಿನಲ್ಲಿ ಕೃಷ್ಣಾರ್ಪಣವೆಂದು ಒಂದು ದಳವನ್ನು ಅರ್ಪಿಸಲಿ. ಪ್ರಥಮೈಕಾದಶಿಯಂದು ತಪ್ತಮುದ್ರಾಧಾರಣೆಯಾದ ಮೇಲೆ ಮಳೆ ನೋಡಿಕೊಂಡು ತುಳಸಿಯ ಎಳೆಯ ಸಸಿಗಳನ್ನು ಕಿತ್ತು ನೆಡಬಹುದು. ಬುಡದಲ್ಲಿ ನೀರು ನಿಲ್ಲದಂತೆ ಮಣ್ಣನ್ನು ಏರಿಸಬೇಕು. ದ್ವಾದಶಿಯಂದು ದಳ ಕೊಯ್ಯಬಾರದೆಂಬುದನ್ನು ನೆನಪಿಟ್ಟು ಹಿಂದಿನ ದಿನವೇ ತೆಗೆದಿರಿಸಬೇಕು. ಕಾರ್ತಿಕದ ಉತ್ಥಾನದ್ವಾದಶಿಯಂದು ನೆಲ್ಲಿಯ ಕೊಂಬೆಯೊಡನೆ ಪೂಜೆಗೊಳ್ಳುವುದು ಇದೇ ಸಸಿ. ಆ ಹೊತ್ತಿಗೆ ಹಗಲು ಹನ್ನೊಂದೂವರೆ ಗಂಟೆಯ ಸುಮಾರಿಗೆ ಇಳಿದಿರುತ್ತದೆ, ಗಿಡವು ಆಳುದ್ದಕ್ಕಲ್ಲದಿದ್ದರೂ ಮೊಳಕಾಲೆತ್ತರಕ್ಕೆ ಬೆಳೆದಿರುತ್ತದೆ.