ಸುತ್ತುವ ನಾದಕ್ಕೆ ಹೊಣೆ ಯಾರು?

ಯಲ್ಲಾಪುರದಿಂದ ಅಂಕೋಲೆಯ ಕಡೆಗೆ ಹೋಗುವ ಹೆದ್ದಾರಿಯು ಅರಬೈಲಿನ ಬಳಿ ಘಟ್ಟವನ್ನು ಇಳಿಯುತ್ತದೆ. ಬೇಸಗೆಯಲ್ಲಿ ಊರುಗಳನ್ನು ಕೂಡಿಸುವ ಈ ದಾರಿಯು ಮಳೆಗಾಲದಲ್ಲಿ ಅವುಗಳನ್ನು ಅಗಲಿಸುವುದೂ ಉಂಟು. 2021ರ ಜುಲೈ ತಿಂಗಳಿನಲ್ಲಿ ಗುಡ್ಡ ಕುಸಿದು ಇಲ್ಲಿಯ ಸಂಚಾರವು ಕಡಿದುಹೋದುದನ್ನು ಈ ಸೀಮೆಯ ಜನರು ಮರೆತಿರಲಾರರು. ಅಂಥ ಮಳೆಗಾಲದ ಒಂದು ರಾತ್ರಿಯನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಒಂದು ಮನೆಯ ಜಗಲಿಯಲ್ಲಿ ತಾಳಮದ್ದಳೆಗೆ ಸಿದ್ಧತೆಯಾಗಿದೆ. ಭಾಗವತರು ಬಂದಿದ್ದಾರೆ, ಅರ್ಥಧಾರಿಗಳು ಬಂದಿದ್ದಾರೆ, ಕವಳದ ತಟ್ಟೆಯು ಒಮ್ಮೆ ಸಭೆಯನ್ನು ಸುತ್ತಿ ಬಂದಿದೆ. ಮದ್ದಳೆಗಾರರು ಮಾತ್ರ ಘಟ್ಟದ ಕೆಳಗೆ ಉಳಿದುಬಿಟ್ಟಿದ್ದಾರೆ. ಆಗ ಮನೆಯ ತರುಣನೊಬ್ಬನು ಒಳಗಿನಿಂದ ಒಂದು ಚಿಕ್ಕ ಪೆಟ್ಟಿಗೆಯನ್ನು ತಂದು, “ಹೋದ ವರ್ಷ ಅವರೇ ಬಾರಿಸಿದ ಒಂದು ಆವರ್ತ ಇದರಲ್ಲಿ ಉಂಟು. ಬೇಕಾದಷ್ಟು ಹೊತ್ತು ಸುತ್ತಿಸಬಹುದು” ಎನ್ನುತ್ತಾನೆ. ಭಾಗವತರು ಏನು ಹೇಳಬೇಕು?

ಮೇಲುನೋಟಕ್ಕೆ ಇದು ಒಂದು ರಾತ್ರಿಯ ಅನುಕೂಲದ ಮಾತು. ಆದರೆ ಸ್ವಲ್ಪ ವಿಚಾರ ಮಾಡಿದರೆ ಇದರೊಳಗೆ ಒಂದು ಧರ್ಮಸೂಕ್ಷ್ಮವು ಅಡಗಿರುವುದು ಕಂಡುಬರುತ್ತದೆ. ಮನುಷ್ಯನು ಒಮ್ಮೆ ಮಾಡಿದ ಕೆಲಸವನ್ನು ಯಂತ್ರವು ನೂರು ಸಲ ಮಾಡಿದರೆ, ಆ ನೂರರಲ್ಲಿ ಮನುಷ್ಯನದು ಎಷ್ಟು? ಮೊದಲನೆಯ ಸುತ್ತಿಗೆ ಸಲ್ಲುವ ಮೆಚ್ಚಿಕೆಯು ನೂರನೆಯದಕ್ಕೂ ಸಲ್ಲುವುದೆ? ನೂರನೆಯದರಲ್ಲಿ ತಪ್ಪಿದರೆ ಹೊಣೆ ಯಾರದು?

ಆ ಪೆಟ್ಟಿಗೆಗೆ ಸ್ಯಾಂಪ್ಲರ್ ಎಂದು ಹೆಸರು. ತನ್ನೊಳಗೆ ಬಂದ ನಾದವನ್ನು ಅದು ಒಂದು ಸೆಕೆಂಡಿಗೆ ಸಾಮಾನ್ಯವಾಗಿ 44,100 ಸಲ ಅಳೆದು, ಅಳತೆಗಳನ್ನು ಅಂಕಿಗಳಾಗಿ ಕಾಯ್ದಿಡುತ್ತದೆ. ಹೀಗೆ ಇಟ್ಟ ನಾದವನ್ನು ಪೆಟ್ಟಿಗೆಯ ಮೇಲಿನ ಒಂದು ಮೆತ್ತನೆಯ ಚೌಕವನ್ನು ಬೆರಳಿನಿಂದ ಒತ್ತಿ ಮತ್ತೆ ಎಬ್ಬಿಸಬಹುದು. ಕತ್ತರಿಸಬಹುದು, ನಿಧಾನಗೊಳಿಸಬಹುದು, ಹಿಂದುಮುಂದಾಗಿಯೂ ನುಡಿಸಬಹುದು. ನಾದದ ತುದಿಯನ್ನು ಅದರ ಮೊದಲಿಗೆ ಸೇರಿಸಿ ಎಡೆಬಿಡದೆ ಸುತ್ತಿಸುವುದಕ್ಕೆ ಲೂಪ್ ಎನ್ನುತ್ತಾರೆ. ಈಗಿನ ಕೆಲವು ಕಲಾವಿದರು ಸಭೆಯ ಎದುರಿಗೇ ಈ ಕೆಲಸವನ್ನು ಮಾಡುತ್ತಾರೆ. ಒಂದು ನುಡಿಯನ್ನು ನುಡಿಸಿ ಕಾಲಿನಿಂದ ಗುಂಡಿಯನ್ನು ಒತ್ತಿದರೆ ಅದು ಸುತ್ತತೊಡಗುತ್ತದೆ. ಅದರ ಮೇಲೆ ಎರಡನೆಯದು, ಅದರ ಮೇಲೆ ಮೂರನೆಯದು. ಹೀಗೆ ಒಬ್ಬನೇ ಒಂದು ಮೇಳವಾಗುತ್ತಾನೆ.

ಈ ವಿದ್ಯೆಯ ಚರಿತ್ರೆಯು ತೀರ ಹಳೆಯದಲ್ಲ. 1948ರಲ್ಲಿ ಪ್ಯಾರಿಸಿನ ರೇಡಿಯೋ ನಿಲಯದಲ್ಲಿ ಪಿಯರ್ ಶೆಫರ್ ಎಂಬುವನು ಧ್ವನಿತಟ್ಟೆಯ ಗೆರೆಯನ್ನು ತನ್ನಲ್ಲಿಯೇ ಮುಚ್ಚಿಕೊಳ್ಳುವಂತೆ ಕೊರೆದು, ಉಗಿಬಂಡಿಯ ಸದ್ದು ಮೊದಲಾದುವನ್ನು ಸುತ್ತಿಸಿ ಸಂಗೀತವನ್ನು ರಚಿಸಿದನು. ಅನಂತರ ಆ ಕೆಲಸವು ಟೇಪಿನ ಸುರುಳಿಗೆ ಬಂದಿತು. 1979ರಲ್ಲಿ ಆಸ್ಟ್ರೇಲಿಯದ ಫೇರ್‌ಲೈಟ್ ಯಂತ್ರವು ನಾದವನ್ನು ಅಂಕಿಗಳಲ್ಲಿ ಹಿಡಿದಿಡುವ ಶಕ್ತಿಯನ್ನು ಸಂಗೀತಗಾರರಿಗೆ ಒದಗಿಸಿತು. 1988ರಲ್ಲಿ ರೋಜರ್ ಲಿನ್ನನು ರೂಪಿಸಿದ, ಜಪಾನಿನ ಆಕಾಯ್ ಸಂಸ್ಥೆಯ ಎಂ.ಪಿ.ಸಿ. 60 ಎಂಬ ಯಂತ್ರದ ಮೇಲೆ ಬೆರಳಿನಿಂದ ಬಡಿಯತಕ್ಕ ಹದಿನಾರು ಚೌಕಗಳಿದ್ದುವು. ಇಂದಿನ ಪೆಟ್ಟಿಗೆಗಳಲ್ಲಿ ಅನೇಕವು ಅದರ ಸಂತತಿಯೇ ಆಗಿವೆ.

ಪುನರಾವೃತ್ತಿಯೇ ಒಂದು ದೋಷವೆಂದು ಹೇಳಿ ಈ ಯಂತ್ರವನ್ನು ತಳ್ಳಿಬಿಡುವುದು ನ್ಯಾಯವಾಗಲಾರದು. ಈ ನಾಡಿನ ಸಂಗೀತವು ಆವರ್ತದ ಮೇಲೆಯೇ ನಿಂತಿದೆ. ತಾಳವೆಂದರೆ ಮರಳಿ ಮರಳಿ ಬರುವ ಒಂದು ಸುತ್ತು. ಭಜನೆಯ ಪಲ್ಲವಿಯು ಹತ್ತು ಸಲ ಬಂದರೂ ಯಾರಿಗೂ ಬೇಸರವಿಲ್ಲ. ತಂಬೂರಿಯ ನಾಲ್ಕು ತಂತಿಗಳು ರಾತ್ರಿಯೆಲ್ಲ ಒಂದನ್ನೇ ಹೇಳುತ್ತವೆ. ಸಂಗೀತದ ಹೊರಗೂ ಹಾಗೆಯೇ. ಜಪವೆಂದರೆ ಪುನರಾವೃತ್ತಿಯಲ್ಲದೆ ಮತ್ತೇನು? ಆದರೆ ಜಪದೊಡನೆ ಅರ್ಥದ ಭಾವನೆಯೂ ಇರಬೇಕೆಂದು ಪತಂಜಲಿಯು ವಿಧಿಸಿದ್ದಾನೆ. ತುಟಿಯು ಮರಳಿ ಹೇಳಿದ ಮಾತನ್ನು ಮನಸ್ಸು ಮರಳಿ ಕಂಡರೆ ಮಾತ್ರ ಅದು ಜಪವೆನಿಸುವುದು. ಅಂದಮೇಲೆ ಪ್ರಶ್ನೆಯು ಸುತ್ತಿನ ಸಂಖ್ಯೆಗೆ ಸೇರಿದುದಲ್ಲ; ಸುತ್ತುವಾಗ ಕೇಳುತ್ತಿರುವವನು ಒಬ್ಬನು ಇದ್ದಾನೆಯೆ ಎಂಬುದಕ್ಕೆ ಸೇರಿದುದು.

ಹೊಸದೆಂಬ ಕಾರಣದಿಂದ ಯಂತ್ರವನ್ನು ಹಳಿಯುವುದಕ್ಕೂ ಆಧಾರವು ಸಾಲದು. ಪರದೇಶದಿಂದ ಬಂದ ಹಾರ್ಮೋನಿಯಮ್ಮಿಗೆ ಗಮಕವು ಒಲಿಯದು, ಶ್ರುತಿಭೇದವು ತಿಳಿಯದು ಎಂಬ ಆಕ್ಷೇಪಗಳು ಬಲವಾಗಿ, 1940ರಲ್ಲಿ ಆಕಾಶವಾಣಿಯು ಆ ವಾದ್ಯವನ್ನು ತನ್ನ ಪ್ರಸಾರದಿಂದ ಹೊರಗಿಟ್ಟಿತು. ನಿರ್ಬಂಧವು ಸಡಿಲಾದುದು 1971ರಲ್ಲಿ. ಆಕ್ಷೇಪವು ಸುಳ್ಳಾಗಿರಲಿಲ್ಲ. ಆದರೂ ಅದೇ ಅವಧಿಯಲ್ಲಿ ಊರೂರುಗಳ ಭಜನೆಗೂ ನಾಟಕಕ್ಕೂ ಹಾರ್ಮೋನಿಯಮ್ಮೇ ಆಸರೆಯಾಯಿತು; ಹಿಂದೆ ಪುಂಗಿಯ ಶ್ರುತಿಗೆ ಹಾಡುತ್ತಿದ್ದ ಯಕ್ಷಗಾನದ ಭಾಗವತರೂ ಅದರ ಶ್ರುತಿಗೆ ಹಾಡಿದರು. ದೋಷವುಳ್ಳ ವಾದ್ಯವನ್ನು ಬಳಸಿಯೂ ಕಿವಿಯನ್ನು ಕೆಡಿಸಿಕೊಳ್ಳದೆ ಇರಬಹುದೆಂಬುದನ್ನು ಅವರು ತೋರಿಸಿಕೊಟ್ಟರು.

ಕರ್ನಾಟಕದಲ್ಲಿ ಇದಕ್ಕಿಂತಲೂ ಹತ್ತಿರದ ನಿದರ್ಶನವೊಂದುಂಟು. ಬೆಂಗಳೂರಿನ ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜನಾರಾಯಣರು 1979ರಲ್ಲಿ ವಿದ್ಯುತ್ತಿನ ತಂಬೂರಿಯನ್ನು ನಿರ್ಮಿಸಿದರು. ಇಂದು ಅಂಥ ಶ್ರುತಿಪೆಟ್ಟಿಗೆಯು ಹಾಡುವವರ ಮನೆಮನೆಯಲ್ಲಿಯೂ ಇದೆ. ಅದರಿಂದಾದ ಉಪಕಾರವು ದೊಡ್ಡದು. ಅಡಕೆಯ ತೋಟದ ನಡುವಿನ ಒಂಟಿ ಮನೆಯಲ್ಲಿ ಬೆಳಗಿನ ಜಾವಕ್ಕೆ ಎದ್ದು ಅಭ್ಯಾಸ ಮಾಡುವ ಹೆಣ್ಣುಮಗಳಿಗೆ ತಂಬೂರಿ ಮೀಟಲು ಇನ್ನೊಬ್ಬರು ಎಲ್ಲಿಂದ ಬರಬೇಕು? ಪೆಟ್ಟಿಗೆಯು ಇಲ್ಲದಿದ್ದರೆ ಆಕೆಯ ವಿದ್ಯೆಯು ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಅದರಿಂದ ಒಂದು ನಷ್ಟವೂ ಆಯಿತು. ಗುರುವಿನ ಬೆನ್ನ ಹಿಂದೆ ಕುಳಿತು ತಂಬೂರಿ ಮೀಟುತ್ತಿದ್ದ ಶಿಷ್ಯನು ನಾದವನ್ನು ಒದಗಿಸುತ್ತಿದ್ದನಷ್ಟೇ ಅಲ್ಲ. ರಾಗವು ಹೇಗೆ ಹುಟ್ಟುತ್ತದೆ, ಗುರುವು ಎಲ್ಲಿ ತಡೆಯುತ್ತಾನೆ, ಎಲ್ಲಿ ಉಸಿರು ತೆಗೆಯುತ್ತಾನೆ ಎಂಬುದನ್ನು ಅಲ್ಲಿಯೇ ಕಲಿಯುತ್ತಿದ್ದನು. ಪೆಟ್ಟಿಗೆಯು ಬಂದ ಮೇಲೆ ನಾದವು ಉಳಿದಿದೆ. ಆ ಮಣೆಯು ಅನೇಕ ಕಡೆಗಳಲ್ಲಿ ಖಾಲಿಯಾಗಿದೆ. ಇಲ್ಲದವನ ಕೊರತೆಯನ್ನು ಯಂತ್ರವು ತುಂಬಿದರೆ ಅದು ಉಪಕಾರ. ಇರುವವನ ಜಾಗವನ್ನು ಕಿತ್ತುಕೊಂಡರೆ ಅದೇ ಅಪಕಾರ. ಒಂದೇ ವಸ್ತುವು ಒಂದು ಮನೆಯಲ್ಲಿ ಹಾಗೂ ಇನ್ನೊಂದು ಮನೆಯಲ್ಲಿ ಹೀಗೂ ಆಗಬಹುದು.

ಲೂಪಿನ ಯಂತ್ರದಲ್ಲಿ ಒಂದು ವಿಶೇಷ ಗುಣವೂ ಉಂಟೆಂದು ಒಪ್ಪಬೇಕು. ಅದು ಕನ್ನಡಿಯಂತೆ ನಿರ್ದಾಕ್ಷಿಣ್ಯವಾದುದು. ಎಂಟು ಅಕ್ಷರದ ಆದಿತಾಳವನ್ನು ನಿಮಿಷಕ್ಕೆ 80 ಅಕ್ಷರಗಳ ಲಯದಲ್ಲಿ ನುಡಿಸಿದರೆ ಒಂದು ಆವರ್ತಕ್ಕೆ 6 ಸೆಕೆಂಡು ಹಿಡಿಯುತ್ತದೆ. ಗುಂಡಿಯನ್ನು ಒತ್ತುವುದರಲ್ಲಿ ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲು ತಡವಾಯಿತೆನ್ನಿ. ಅಷ್ಟನ್ನು ಸಭೆಯು ಗಮನಿಸಲಿಕ್ಕಿಲ್ಲ. ಆದರೆ ಪಕ್ಕದಲ್ಲಿ ಲಯ ತಪ್ಪದೆ ಬಾರಿಸುವ ಒಬ್ಬನಿದ್ದರೆ, ಹತ್ತು ಸುತ್ತು ಮುಗಿಯುವಷ್ಟರಲ್ಲಿ ಆ ತಡವು ಒಂದು ಸೆಕೆಂಡಾಗಿ, ಯಂತ್ರವು ಅವನಿಂದ ಒಂದು ಅಕ್ಷರಕ್ಕಿಂತಲೂ ಹೆಚ್ಚು ಹಿಂದೆ ಬಿದ್ದಿರುತ್ತದೆ. ಬಾಯಿಂದ ಜಾರಿದ ಅಪಸ್ವರವನ್ನು ಹಾಡುಗಾರನು ಮುಂದಿನ ಸ್ವರದಲ್ಲಿ ಮರೆಸಬಲ್ಲನು. ಲೂಪಿನೊಳಗೆ ಸೇರಿದ ಅಪಸ್ವರವು ಆರು ಸೆಕೆಂಡಿಗೊಮ್ಮೆ ಮರಳಿ ಬಂದು ಎದುರಿಗೆ ನಿಲ್ಲುತ್ತದೆ. ಮಾಡಿದ್ದುಣ್ಣೋ ಮಾರಾಯ ಎಂಬ ಗಾದೆಯನ್ನು ಇಷ್ಟು ಬೇಗನೆ ಕಲಿಸುವ ಗುರುವು ಬೇರೊಬ್ಬನಿಲ್ಲ. ವಿದ್ಯಾರ್ಥಿಯು ಈ ಯಂತ್ರದ ಎದುರಿಗೆ ಪ್ರಾಮಾಣಿಕನಾಗಿ ಕುಳಿತರೆ ಅವನ ಲಯಜ್ಞಾನವು ಹರಿತವಾಗುವುದರಲ್ಲಿ ಸಂದೇಹವಿಲ್ಲ.

ಆದರೆ ಯಂತ್ರವು ತಾನು ನುಡಿಸಿದುದನ್ನು ತಾನು ಕೇಳದು. ತಾಳಮದ್ದಳೆಯಲ್ಲಿ ಇದು ಚಿಕ್ಕ ಕೊರತೆಯಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ; ಹಾಡು, ಮದ್ದಳೆ, ಮಾತು ಇಷ್ಟೇ. ಅರ್ಥಧಾರಿಯು ಎತ್ತಿಕೊಂಡ ಭಾವವನ್ನು ನೋಡಿ ಭಾಗವತರು ಪದ್ಯದ ಒಂದು ಪಾದವನ್ನು ಎಳೆಯುತ್ತಾರೆ. ಅವರು ಎಳೆಯುವರೆಂಬುದನ್ನು ಉಸಿರಿನಿಂದಲೇ ತಿಳಿದು ಮದ್ದಳೆಗಾರರು ಕೈಯನ್ನು ಹಗುರ ಮಾಡುತ್ತಾರೆ. ಹೋದ ವರ್ಷದ ಆವರ್ತಕ್ಕೆ ಈ ವರ್ಷದ ಉಸಿರು ತಿಳಿಯುವುದೆಂತು? ಆಲೆಮನೆಯಲ್ಲಿ ಕೋಣವು ಗಾಣವನ್ನು ಸುತ್ತುತ್ತದೆ. ಕಬ್ಬಿನ ಹಾಲು ಇಳಿಯುತ್ತದೆ. ಆದರೆ ಪಾಕವು ಹದಕ್ಕೆ ಬಂದಿತೆ ಎಂದು ನೋಡತಕ್ಕವನು ಕೊಪ್ಪರಿಗೆಯ ಬಳಿಯಲ್ಲಿ ಎಚ್ಚತ್ತಿರುವ ಮನುಷ್ಯನು. ಅವನು ತೂಕಡಿಸಿ ಬೆಲ್ಲವು ಸೀದರೆ ಕೋಣವನ್ನು ದೂರುವವರು ಯಾರೂ ಇಲ್ಲ. ಹಾಗೆಯೇ ಕೇಳಲಾರದ ಯಂತ್ರವನ್ನು ಸುತ್ತಲು ಬಿಟ್ಟವನು ಅದರ ಪ್ರತಿಯೊಂದು ಸುತ್ತಿಗೂ ಹೊಣೆಯಾಗುತ್ತಾನೆ. ಮೊದಲನೆಯದನ್ನು ಕೈಯಿಂದ ಮಾಡಿದನು. ಉಳಿದ ತೊಂಬತ್ತೊಂಬತ್ತನ್ನು ಕಿವಿಯಿಂದ ಮಾಡಬೇಕು.

ಕೇಳುಗರಿಗೆ ನಾದವು ಇಂಪಾಗಿದ್ದರೆ ಸಾಕಲ್ಲವೆ, ನುಡಿಸುವವನ ಎಚ್ಚರವನ್ನು ಅಳೆಯುವವರು ಯಾರು ಎಂದು ಒಬ್ಬರು ಕೇಳಬಹುದು. ಧ್ವನಿತಟ್ಟೆಯನ್ನು ಹಾಕಿ ಕೇಳುವವನ ಮಟ್ಟಿಗೆ ಈ ಮಾತು ಸರಿ. ಅಲ್ಲಿ ಯಾರೂ ಎದುರಿಗೆ ಕುಳಿತು ನುಡಿಸುವ ಭರವಸೆಯನ್ನು ಕೊಟ್ಟಿರುವುದಿಲ್ಲ. ಆದರೆ ಸಭೆಯನ್ನು ಕರೆದು ಅದರ ಮುಂದೆ ಕುಳಿತವನು ಒಂದು ಭರವಸೆಯನ್ನು ಕೊಟ್ಟಿದ್ದಾನೆ. ಈ ಹೊತ್ತಿನಲ್ಲಿ, ಈ ಜನರಿಗಾಗಿ ಏನೋ ನಡೆಯುತ್ತದೆ ಎಂದು ನಂಬಿ ಮಳೆಯಲ್ಲಿ ಕೊಡೆ ಹಿಡಿದು ಅವರು ಬಂದಿದ್ದಾರೆ. ಸುತ್ತುತ್ತಿರುವುದು ಯಂತ್ರವೆಂದು ಅವರಿಗೆ ತಿಳಿಸಿ ಸುತ್ತಿಸಿದರೆ ಅದು ಕಲೆಯೇ ಆಗಬಹುದು. ಮರೆಮಾಡಿ ಸುತ್ತಿಸಿದರೆ, ನಾದವು ಎಷ್ಟು ಇಂಪಾಗಿದ್ದರೂ, ಅವರ ನಂಬಿಕೆಗೆ ಮೋಸವಾಯಿತು.

ಇನ್ನೊಂದು ಹೊಣೆಯು ಇದಕ್ಕಿಂತಲೂ ಭಾರವಾದುದು. ಸ್ಯಾಂಪ್ಲರ್ ತನ್ನ ಒಡೆಯನ ನಾದವನ್ನಷ್ಟೇ ಅಲ್ಲ, ಕಂಡವರ ನಾದವನ್ನೂ ಹಿಡಿಯುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನರು ವಾಸಿಸುತ್ತಾರೆ. ಆಫ್ರಿಕೆಯಿಂದ ಬಂದ ಪೂರ್ವಿಕರ ಈ ಸಂತತಿಯನ್ನು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಅವರ ಡಮಾಮಿಯ ಬಡಿತವು ಹಾಡಿನೊಡನೆಯೂ ಕುಣಿತದೊಡನೆಯೂ ಹೆಣೆದುಕೊಂಡಿರುವಂಥದು. ಕುಣಿಯುವವರ ಹೆಜ್ಜೆಯು ಬಿಸಿಯಾದಂತೆ ಬಡಿಯುವವನ ಕೈಯೂ ಬಿಸಿಯಾಗುತ್ತದೆ. ನಗರದಿಂದ ಬಂದವನೊಬ್ಬನು ಅದರ ನಾಲ್ಕು ಸೆಕೆಂಡನ್ನು ಪೆಟ್ಟಿಗೆಯಲ್ಲಿ ಹಿಡಿದುಕೊಂಡು ಹೋಗಿ ತನ್ನ ಹಾಡಿನ ತಳಹದಿಯಾಗಿ ಸಾವಿರ ಸಲ ಸುತ್ತಿಸಿದರೆ, ಡಮಾಮಿಯ ಚರ್ಮಕ್ಕೆ ಸವೆತವಿಲ್ಲವೆಂಬುದು ನಿಜ. ಆದರೆ ಆ ಕೈಯ ಹೆಸರು ಎಲ್ಲಿ ಹೋಯಿತು? 1957ರ ಕೃತಿಸ್ವಾಮ್ಯದ ಶಾಸನಕ್ಕೆ 1994ರಲ್ಲಿ ತಿದ್ದುಪಡಿಯಾಗಿ, ಪ್ರದರ್ಶನ ಮಾಡಿದವನಿಗೆ ತನ್ನ ಪ್ರದರ್ಶನದ ಮೇಲೆ ಹಕ್ಕುಂಟೆಂದು ಭಾರತದ ಕಾನೂನು ಒಪ್ಪಿದೆ. ಕಾನೂನನ್ನು ಓದದವನಿಗೂ ತಿಳಿಯತಕ್ಕ ಮಾತು ಇದು: ಪರರ ತೋಟದ ಒಂದು ಗೊನೆಯನ್ನು ಕೇಳದೆ ಕೊಯ್ದರೆ ಅದಕ್ಕೆ ಏನೆನ್ನುತ್ತಾರೆಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತು.

ಈಗ ಆ ಜಗಲಿಗೆ ಹಿಂದಿರುಗಬಹುದು. ಪೆಟ್ಟಿಗೆಯನ್ನು ಒಳಗೆ ಇಡೆಂದು ಭಾಗವತರು ಗದರಿಸಿದರೆ ತರುಣನು ಮುಂದೆಂದೂ ಜಗಲಿಗೆ ಬಾರದೆ ಹೋದಾನು. ಸುತ್ತಲಿ ಬಿಡೆಂದು ಒಪ್ಪಿದರೆ ಆ ರಾತ್ರಿಯ ಪದ್ಯಗಳೆಲ್ಲವೂ ಹೋದ ವರ್ಷದ ಒಂದು ಆವರ್ತಕ್ಕೆ ಕಟ್ಟುಬಿದ್ದಾವು. ಇವೆರಡರ ನಡುವೆ ಒಂದು ದಾರಿಯಿದೆ. ಪೆಟ್ಟಿಗೆಯ ಮೇಲೆ ಚೌಕಗಳಿವೆಯಷ್ಟೆ. ಅದೇ ಆವರ್ತವನ್ನು ಬಿಡಿಬಿಡಿಯಾಗಿ ಕತ್ತರಿಸಿ ಒಂದೊಂದು ಚೌಕಕ್ಕೆ ಮದ್ದಳೆಯ ಒಂದೊಂದು ಪೆಟ್ಟನ್ನು ಇಡಬಹುದು. ಹಾಗೆ ಮಾಡಿದ ಮೇಲೆ ಪೆಟ್ಟಿಗೆಯು ತಾನಾಗಿ ಸುತ್ತದು. ತರುಣನು ಭಾಗವತರ ಮಗ್ಗುಲಲ್ಲಿ ಕುಳಿತು, ಅವರ ತಾಳವನ್ನೂ ಮೋರೆಯನ್ನೂ ನೋಡುತ್ತ, ಪ್ರತಿಯೊಂದು ಪೆಟ್ಟನ್ನೂ ತನ್ನ ಬೆರಳಿನಿಂದಲೇ ಎಬ್ಬಿಸಬೇಕಾಗುತ್ತದೆ. ಅವರು ಎಳೆದಲ್ಲಿ ಅವನು ತಡೆಯಬೇಕು. ಅವರು ಬಿಟ್ಟಲ್ಲಿ ಬಿಡಬೇಕು. ಮೊದಲ ಪದ್ಯದಲ್ಲಿ ಅವನು ಎರಡು ಕಡೆ ಎಡವಿಯಾನು. ಆ ಎಡವಟ್ಟು ಅವನದೇ ಆಗಿರುತ್ತದೆ. ಮೂರನೆಯ ಪದ್ಯದ ಹೊತ್ತಿಗೆ ಸರಿಹೋದರೆ ಆ ಸರಿಯೂ ಅವನದೇ.

ಪ್ರಸಂಗವು ಆರಂಭವಾಗುವ ಮೊದಲು, ಇಂದಿನ ಮದ್ದಳೆಯ ನಾದವು ಇಂಥವರದು, ಬೆರಳು ಈ ಹುಡುಗನದು ಎಂದು ಭಾಗವತರು ಸಭೆಗೆ ಹೇಳಬೇಕು. ದಾರಿಯು ತೆರೆದ ದಿನ ತರುಣನು ಘಟ್ಟವನ್ನು ಇಳಿದು ಹೋಗಿ, ಕೇಳದೆ ಬಳಸಿದುದನ್ನು ಮದ್ದಳೆಗಾರರಿಗೆ ತಾನಾಗಿಯೇ ತಿಳಿಸಬೇಕು. ಆ ರಾತ್ರಿಯ ಸಂಭಾವನೆಯಲ್ಲಿ ಅವರ ಪಾಲನ್ನು ಅವರ ಕೈಯಲ್ಲಿಡಬೇಕು. ಅವರು ಕೋಪಿಸಿಕೊಳ್ಳಬಹುದು, ನಗಲೂಬಹುದು. “ಬೆರಳಲ್ಲಿ ಬಂದದ್ದು ಅಂಗೈಗೂ ಬರುತ್ತದೋ ನೋಡುವ, ಕೂತುಕೋ ತಮ್ಮಾ” ಎಂದು ಮದ್ದಳೆಯನ್ನು ಅವನ ಮುಂದಕ್ಕೆ ಸರಿಸಲೂಬಹುದು. ಹಾಗಾದರೆ ಆ ಪೆಟ್ಟಿಗೆಯು ಒಂದು ಮಣೆಯನ್ನು ಖಾಲಿ ಮಾಡುವುದಕ್ಕೆ ಬದಲಾಗಿ ಒಂದು ಮಣೆಯನ್ನು ಹಾಕಿಸಿದಂತಾಗುತ್ತದೆ.