ಸಂಬಳದ ಶುಶ್ರೂಷೆ ಮತ್ತು ಮಕ್ಕಳ ಋಣ

ವೃದ್ಧ ತಂದೆತಾಯಿಯರ ಶುಶ್ರೂಷೆಗೆ ಮನೆಯಲ್ಲಿ ಸಂಬಳದ ಆರೈಕೆದಾರರನ್ನು ನೇಮಿಸಿದ ಮಕ್ಕಳು ತಮ್ಮ ಧರ್ಮವನ್ನು ಪೂರೈಸಿದಂತಾಯಿತೇ ಎಂಬ ಪ್ರಶ್ನೆ ಸುಲಭದ್ದಲ್ಲ. ತೈತ್ತಿರೀಯ ಸಂಹಿತೆ ಹೇಳುವ ಪಿತೃಋಣ, ಅಂದರೆ ಹುಟ್ಟಿನೊಡನೆಯೇ ಮನುಷ್ಯನು ಪೂರ್ವಜರಿಗೆ ತೆರಬೇಕಾದ ಸಾಲ, ಸಂತಾನದಿಂದ ತೀರುವಂಥದು. ಬದುಕಿರುವ ತಾಯಿತಂದೆಯರ ಸೇವೆಯಾದರೋ ಬೇರೆಯೇ ಬಗೆಯದು, ಏಕೆಂದರೆ ಅವರು ಪಟ್ಟ ಕಷ್ಟದ ಋಣ ನೂರು ವರ್ಷಗಳಲ್ಲಿಯೂ ತೀರದೆಂಬುದು ಮನುಸ್ಮೃತಿಯ 2ನೆಯ ಅಧ್ಯಾಯದ ನಿಲುವು. ತೀರದ ಋಣವನ್ನು ಹಣದಿಂದ ಚುಕ್ತಾ ಮಾಡುವ ಮಾತೇ ಏಳುವುದಿಲ್ಲ.

ಹಾಗೆಂದು ನೇಮಕವೇ ಅಧರ್ಮವೆನ್ನುವುದು ನಿಷ್ಠುರವಾದೀತು. ಹಾಸಿಗೆ ಹಿಡಿದವರಿಗೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ ಮತ್ತು ಸೊಂಟದ ಚರ್ಮ ಕೆಂಪಾಗಿದೆಯೇ ಎಂದು ನೋಡದಿದ್ದರೆ, ಒತ್ತಡದಿಂದ ರಕ್ತಸಂಚಾರ ಕುಂದಿ ಹಾಸಿಗೆಹುಣ್ಣು ಉಂಟಾಗುತ್ತದೆ. ಹಗಲಿರುಳಿನ ಈ ಕೆಲಸಕ್ಕೆ ಪಳಗಿದ ಕೈಗಳು ಬೇಕು. ಶರಣರು ಕಾಯಕವೆಂದು ಕರೆದ, ಶ್ರದ್ಧೆಯಿಂದ ಮಾಡುವ ದುಡಿಮೆಯಲ್ಲಿ ಇದಕ್ಕೂ ಪೂರ್ಣ ಸ್ಥಾನವಿರುವುದರಿಂದ ಆರೈಕೆದಾರರಿಗೆ ನ್ಯಾಯವಾದ ಸಂಬಳ, ವಾರದ ರಜೆ, ಗೌರವದ ಮಾತು ಸಲ್ಲಲೇಬೇಕು.

ಆದರೆ ಸ್ನಾನ ಬೆಳಿಗ್ಗೆಯೋ ಸಂಜೆಯೋ, ದೇವರ ದೀಪವನ್ನು ಯಾರು ಹಚ್ಚಬೇಕು ಎಂಬುದನ್ನು ಹಿರಿಯರನ್ನೇ ಕೇಳಿ ನಿರ್ಧರಿಸುವುದು, ಹೇಳಿದ್ದನ್ನೇ ಮತ್ತೆ ಹೇಳಿದರೂ ಬಳಿ ಕುಳಿತು ಕೇಳುವುದು, ಇವನ್ನು ಮಕ್ಕಳು ಬೇರೆಯವರಿಗೆ ವಹಿಸಿಬಿಡುವಂತಿಲ್ಲ. ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯು ಆಹಾರ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆಗಳನ್ನು ಜೀವನಾಂಶದಲ್ಲಿ ಸೇರಿಸಿ ಮಕ್ಕಳನ್ನು ಹೊಣೆಯಾಗಿಸಿದೆ. ಮಗನೋ ಮಗಳೋ ಬಂದು ಪಕ್ಕದಲ್ಲಿ ಕೂರಬೇಕೆಂದು ಅದು ವಿಧಿಸಿಲ್ಲ.